ಪೊರ್ಬುಗಳ ಮೂಗು

ಬಂಟ್ವಾಳ–ಬೆಳ್ತಂಗಡಿ ರೂಟಿನಲ್ಲಿ ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು ನಾನು. ನಿದ್ದೆ ಹೋದ ಪ್ರಯಾಣಿಕನನ್ನು ಮಡಂತ್ಯಾರಿನಲ್ಲಿ ಎಬ್ಬಿಸಿ, ‘ಬೆಳ್ತಂಗಡಿ ಬಂತು, ಬೇಗ ಇಳೀರಿ’ ಎಂದು ಇಳಿಸಿ, ಅವನು ಕಣ್ಣುಜ್ಜಿಕೊಂಡು ಅರ್ಧ ಪೇಟೆ ಸುತ್ತಿ ಬರುವವರೆಗೆ ಬಸ್ಸು ನಿಲ್ಲಿಸಿಕೊಂಡವನು. ನನ್ನಿಂದ ಬೇಸ್ತು ಬೀಳದವರು ಆ ರಸ್ತೆಯಲ್ಲಿ ಇಲ್ಲ. ವಕೀಲರು ಬಿದ್ದಿದ್ದಾರೆ, ಹೆಡ್ಮಾಸ್ತರರು ಬಿದ್ದಿದ್ದಾರೆ, ಒಮ್ಮೆ ಚೆಕಿಂಗಿಗೆ ಬಂದವರೇ ಬಿದ್ದಿದ್ದಾರೆ. ಒಬ್ಬರನ್ನು ಮಾತ್ರ ಹತ್ತು ವರ್ಷ ಪ್ರಯತ್ನಪಟ್ಟರೂ ಬೀಳಿಸಲಾಗಲಿಲ್ಲ. ಕೊನೆಗೆ ಒಂದು ದಿನ ಅವರೂ ಬಿದ್ದರು. ಆ ದಿನದ ಬಗ್ಗೆ ಹೇಳಬೇಕೆಂದರೆ ನನಗೆ ಈಗಲೂ ಬಸ್ಸಿನ ಮೇಲೆ ಮೂಟೆ ಹತ್ತಿಸಿದಷ್ಟು ಆಯಾಸವಾಗುತ್ತದೆ.

ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ‘ಪೊರ್ಬುಗಳು’ ಎಂದು ಕರೆಯುವುದು. ಅವರ ಹೆಂಡತಿಗೆ ‘ಬಾಯಮ್ಮ’. ನಾನು ಹತ್ತು ವರ್ಷ ಬೀಳಿಸಲಾಗದೆ ಹೋದ ಪೊರ್ಬುಗಳು ಹೋದ ತಿಂಗಳು ತೀರಿಕೊಂಡರು. ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಬಾಯಮ್ಮ ನನ್ನ ಹತ್ತಿರ ಬಂದು ಹೇಳಿದರು:

“ಕಂಡಕ್ಟ್ರೇ, ಊರಿನವರ ಸುದ್ದಿಯೆಲ್ಲ ಹೇಳಿಕೊಂಡು ತಿರುಗ್ತೀರಿ. ಇವರದ್ದು ಬರೀರಿ.”

“ಎಲ್ಲ ಬರೆಯುವುದಾ?”

“ಎಲ್ಲ ಬರೀರಿ. ಹೆಸರು ಮಾತ್ರ ಬೇಡ.”

ಹಾಗಾಗಿ ಹೆಸರಿಲ್ಲ. ಅಬಕಾರಿ ಇಲಾಖೆಯವರು ಯಾರಾದರೂ ಇದನ್ನು ಓದಿದರೆ, ಮನೆಯಲ್ಲಿ ಬಿಯರ್ ಕಾಯಿಸಿದ ಭಾಗವೆಲ್ಲ ನಾನು ಕಟ್ಟಿದ ಕಥೆಯೆಂದು ತಿಳಿಯಲಿ. ನಾನು ಸುಳ್ಳುಗಾರ ಎನ್ನುವುದಕ್ಕೆ ಬೇಕಾದಷ್ಟು ಸಾಕ್ಷಿಗಳು ಸಿಗುತ್ತಾರೆ.

ಪೊರ್ಬುಗಳು ಮುಂಬಯಿಯ ಹೊರಗೆ ಎಲ್ಲೋ ಒಂದು ಬಿಯರ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಇದ್ದವರು. ಅಲ್ಲಿ ಅವರ ಕೆಲಸ ಮೂಸುವುದು. ಪ್ರತಿ ಟ್ಯಾಂಕಿನಿಂದ ಒಂದು ಗ್ಲಾಸು ಬರುತ್ತಿತ್ತು. ಇವರು ಮೂಸಿ, ಗುಟುಕರಿಸಿ, ಅದಕ್ಕೆ ಏನಾಗಿದೆ, ಯಾಕಾಗಿದೆ ಎಂದು ಬರೆದು ಕೊಡಬೇಕಿತ್ತು. ನಿವೃತ್ತಿಯಾಗಿ ಮಡಂತ್ಯಾರಿನ ಹತ್ತಿರ ಮನೆ ಕಟ್ಟಿಸಿದರು. ಮೊದಲ ಸಲ ಅವರು ನನ್ನ ಬಸ್ಸು ಹತ್ತಿದಾಗ ಕೈಯಲ್ಲಿ ಒಂದು ಚೀಲ ಇತ್ತು.

“ಪಶು ಆಹಾರವಾ?” ಎಂದೆ.

“ಹೌದು. ಎರಡು ಕಾಲಿನ ಪಶುವಿಗೆ.”

ಒಳಗಿದ್ದದ್ದು ಬಾರ್ಲಿ ಮಾಲ್ಟ್, ಬಿಯರ್ ಮಾಡಲು ಮೊಳಕೆ ಬರಿಸಿ ಒಣಗಿಸಿದ ಧಾನ್ಯ ಎಂದು ನನಗೆ ಆಮೇಲೆ ತಿಳಿಯಿತು. ಟಿಕೆಟು ಕೊಟ್ಟು ತಿರುಗುವಾಗ ಅವರು ಮೂಗು ಸ್ವಲ್ಪ ಎತ್ತಿ ಹೇಳಿದರು: “ಹಿಂದಿನ ಸೀಟಿನ ಅಡಿಯಲ್ಲಿ ಒಣಮೀನು ಉಂಟು. ಕಾಗದದಲ್ಲಿ ಸುತ್ತಿ ಇಟ್ಟದ್ದು. ಎರಡು ದಿನ ಆಯ್ತು.”

ಎರಡು ದಿನದಿಂದ ನಮ್ಮ ಡ್ರೈವರ್ ಆ ವಾಸನೆಯ ಮೂಲ ಹುಡುಕಿ ಹುಚ್ಚನಾಗಿದ್ದ. ಎಂಜಿನ್ ಬಿಚ್ಚಿಸುವ ಮಾತಾಡುತ್ತಿದ್ದ. ಒಣಮೀನು ಇಟ್ಟವನು ನಾನು. ಮೂವತ್ತು ಪ್ರಯಾಣಿಕರ ಎದುರು ಅದನ್ನು ಎಳೆದು ತೆಗೆಯುವ ಕೆಲಸವೂ ನನಗೇ ಬಂತು. ಡ್ರೈವರ್ ನನ್ನನ್ನು ಒಂದು ವಾರ ಮಾತಾಡಿಸಲಿಲ್ಲ. ಅಂದೇ ನಿಶ್ಚಯಿಸಿದೆ, ಈ ಮೂಗನ್ನು ಒಂದು ದಿನ ಸೋಲಿಸಬೇಕು ಎಂದು.

ಸೋಲಿಸಬೇಕಾದರೆ ಹತ್ತಿರ ಹೋಗಬೇಕಲ್ಲ. ಹೋದೆ. ಹೀಗೆ ಅವರಿಂದ ನಾನೂ ಮನೆಯಲ್ಲಿ ಬಿಯರ್ ಕಾಯಿಸಲು ಕಲಿತೆ. ನನ್ನ ಅಪ್ಪ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಹುಳಿಯಾಗುವುದು, ನೊರೆಯಾಗುವುದು ನನಗೆ ತೊಟ್ಟಿಲಲ್ಲೇ ಗೊತ್ತು. ನನ್ನ ಜೊತೆ ವೇಣೂರಿನ ಆಚೆ ರಬ್ಬರು ಬೆಳೆಸುವ ಗೌಡರೊಬ್ಬರು ಸೇರಿದರು. ಆಮೇಲೆ ಅಲ್ಲೊಬ್ಬ ಇಲ್ಲೊಬ್ಬ ಎಂದು ಎಂಟು ಹತ್ತು ಮನೆಗಳಾದವು. ಕಹಿಗೆ ಹಾಕುವ ಹಾಪ್ಸ್ ಹೂವು, ಹುದುಗಿಸುವ ಯೀಸ್ಟ್ ಪಾರ್ಸೆಲಿನಲ್ಲಿ ಬರುತ್ತಿದ್ದವು. ಕಾಯಿಸುವುದು ಅವರವರ ಮನೆಯಲ್ಲಿ. ಕೊನೆಯ ಮಾತು ಪೊರ್ಬುಗಳ ಜಗಲಿಯಲ್ಲಿ.

ಆ ಜಗಲಿಗೆ ಒಂದು ಕ್ರಮ ಇತ್ತು. ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಅವರು ಒಂದು ತುತ್ತು ಕುಚ್ಚಲಕ್ಕಿ ಅನ್ನವನ್ನು ಉಪ್ಪಿಲ್ಲದೆ ಅಗಿಯುತ್ತಿದ್ದರು, ಮೇಲೆ ಉಗುರುಬೆಚ್ಚಗಿನ ನೀರು. ಬಾಯಿ ಶುದ್ಧ ಆಗಲಿಕ್ಕೆ. ಬಾಟ್ಲಿ ತಣ್ಣಗೆ ಇರಬಾರದು. “ತಣ್ಣಗೆ ಮಾಡಿದ್ರೆ ಕಳ್ಳನಿಗೆ ಮುಸುಕು ಹಾಕಿದ ಹಾಗೆ ಮಾರಾಯ್ರೇ. ಮುಖ ಕಾಣುವುದಿಲ್ಲ.” ಸ್ಟೀಲಿನ ಲೋಟದಲ್ಲಿ ಅರ್ಧ ಸುರಿದು, ಅಂಗೈಯಿಂದ ಮುಚ್ಚಿ, ಎರಡು ಸುತ್ತು ಅಲುಗಿಸಿ, ಕೈ ತೆಗೆದು ಮೂಸುವುದು. ಮೊದಲು ಎದೆಯ ಹತ್ತಿರ ಹಿಡಿದು, ಆಮೇಲೆ ಗಲ್ಲದ ಹತ್ತಿರ, ಕೊನೆಗೆ ಮೂಗನ್ನೇ ಒಳಗೆ ಇಳಿಸಿ. ನಂತರ ಒಂದು ಗುಟುಕು ನುಂಗಿ ಮಾಡಿನ ಹೆಂಚು ನೋಡುತ್ತಿದ್ದರು. ಅಷ್ಟು ಹೊತ್ತು ಬಿಯರ್ ಮಾಡಿದವನು ತುಟಿ ಬಿಚ್ಚಬಾರದು. ಯಾವ ನೀರು, ಎಷ್ಟು ದಿನ, ಯಾವ ಪಾತ್ರೆ, ಒಂದೂ ಹೇಳಬಾರದು.

“ಮಾಡಿದವ ಬಾಯಿ ತೆಗೆದ್ರೆ ನನ್ನ ಮೂಗು ಕಿವಿಯ ಹಿಂದೆ ಹೋಗ್ತದೆ” ಎನ್ನುತ್ತಿದ್ದರು.

‘ಕೆಟ್ಟಿದೆ’ ಎನ್ನುವ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಜ್ವರ ಬಂದ ಮಗುವನ್ನು ನೋಡಿದವರ ಹಾಗೆ ‘ಇದಕ್ಕೆ ಏನೋ ಆಗಿದೆ’ ಎನ್ನುತ್ತಿದ್ದರು. ಆಮೇಲೆ ನಾವು ಮಾಡಿದ್ದನ್ನು ನಮಗೇ ಹೇಳುವುದು. ಬೇಯಿಸಿದ ಜೋಳದ ನೀರಿನ ವಾಸನೆ ಬಂದರೆ ಕುದಿಸುವಾಗ ಪಾತ್ರೆಗೆ ಮುಚ್ಚಳ ಹಾಕಿದ್ದೇವೆ. ಮಳೆಗಾಲದಲ್ಲಿ ನೆನೆದ ರಟ್ಟಿನ ವಾಸನೆ ಬಂದರೆ ಬಾಟ್ಲಿಗೆ ಎತ್ತರದಿಂದ ದಬದಬ ಸುರಿದು ಗಾಳಿ ಸೇರಿಸಿದ್ದೇವೆ. ಕಾಯಿಸಿದ ಬೆಣ್ಣೆಯ ವಾಸನೆ ಬಂದರೆ ಯೀಸ್ಟಿಗೆ ಕೆಲಸ ಮುಗಿಸಲು ಬಿಡದೆ ಎಬ್ಬಿಸಿದ್ದೇವೆ. ಗೌಡರ ಮೊದಲನೆಯ ಬಾಟ್ಲಿ ಮೂಸಿ ಅವರು ಹೇಳಿದ್ದು ಒಂದೇ ಮಾತು:

“ಗೌಡ್ರೇ, ಒಂಬತ್ತನೇ ದಿನಕ್ಕೆ ತೆಗೆದ್ರಿ. ನೆಂಟರು ಬರುವವರಿದ್ರಾ?”

ಗೌಡರು ನನ್ನ ಮುಖ ನೋಡಿದರು. ನಾನು ಹೇಳಿದ್ದಲ್ಲ ಎಂದು ಆಣೆ ಹಾಕಿದೆ. ನನ್ನ ಆಣೆಯನ್ನು ಯಾರು ನಂಬಬೇಕು?

ನನ್ನ ಪ್ರಯತ್ನಗಳು ನಡೆದೇ ಇದ್ದವು. ಒಮ್ಮೆ ಬಂಟ್ವಾಳದ ಪೇಟೆಯಿಂದ ಅಂಗಡಿಯ ಬಿಯರ್ ತಂದು ನಮ್ಮ ಬಾಟ್ಲಿಗೆ ತುಂಬಿಸಿ, ನಾನೇ ಮಾಡಿದ್ದೆಂದು ಇಟ್ಟೆ. ಮೂಸಿದರು, ಹೆಂಚು ನೋಡಿದರು. “ಕಂಡಕ್ಟ್ರೇ, ಇದನ್ನು ಮಾಡಿದವನಿಗೆ ಪಿ.ಎಫ್. ಕಟ್ ಆಗ್ತದೆ” ಎಂದರು. ಇನ್ನೊಮ್ಮೆ ಬಾಟ್ಲಿಯ ಬಾಯಿಗೆ ಬಾಳೆಹಣ್ಣಿನ ಸಿಪ್ಪೆ ತಿಕ್ಕಿ ತಂದೆ. ಏಪ್ರಿಲ್ ಸೆಕೆಯಲ್ಲಿ ಹುದುಗಿದ ಬಿಯರಿಗೆ ಬಾಳೆಹಣ್ಣಿನ ವಾಸನೆ ಬರುತ್ತದೆ, ಅದನ್ನು ಹೇಳಿ ಬೇಸ್ತು ಬೀಳಲಿ ಎಂದು. “ಬಾಳೆಹಣ್ಣು ಬಾಟ್ಲಿಯ ತುಟಿಯಲ್ಲಿ ಉಂಟು, ಹೊಟ್ಟೆಯಲ್ಲಿ ಇಲ್ಲ. ತುಟಿ ಒರೆಸಿ ತನ್ನಿ.” ಮತ್ತೊಮ್ಮೆ ಒಂದೇ ಪಾತ್ರೆಯ ಬಿಯರನ್ನು ಮೂರು ಸೋಡಾ ಬಾಟ್ಲಿಗೆ ಹಾಕಿ, ಮೂರು ಬೇರೆ ಬೇರೆ ಮನೆಯದ್ದೆಂದು ಹೇಳಿದೆ. ಅದರಲ್ಲಿ ಒಂದು ಬಾಟ್ಲಿ ಬಸ್ಸಿನ ಮುಂದಿನ ಗಾಜಿನ ಹತ್ತಿರ ಬೆಳ್ತಂಗಡಿಗೆ ಹೋಗಿ ಬಂದಿತ್ತು. ಮೂರನ್ನೂ ಸಾಲಾಗಿ ಮೂಸಿ, “ಮೂರೂ ಒಂದೇ ತಾಯಿಯ ಮಕ್ಕಳು. ನಡುವಿನವ ಬಿಸಿಲಿಗೆ ಹೋಗಿದ್ದಾನೆ, ಪುನುಗು ಬೆಕ್ಕು ಹಾದು ಹೋದ ವಾಸನೆ ಬರ್ತದೆ. ಕಂದು ಬಣ್ಣದ ಬಾಟ್ಲಿ ತೆಕ್ಕೊಳ್ಳಿ ಅಂತ ಎಷ್ಟು ಸಲ ಹೇಳ್ಬೇಕು?” ಎಂದರು.

ಕೊನೆಗೆ ಒಂದು ಮಾತು ಬರುತ್ತಿತ್ತು: ‘ಕುಡಿಯುವ’ ಅಥವಾ ‘ಚೆಲ್ಲಿ’. ಕುಡಿಯುವ ಎಂದರೆ ಎಲ್ಲರೂ ಕೂತು ಕುಡಿಯುವುದು. ಚೆಲ್ಲಿ ಎಂದರೆ ಅಲ್ಲೇ ಅಂಗಳದ ಬದಿಯಲ್ಲಿ ಚೆಲ್ಲುವುದು. ಚೌಕಾಸಿ ಇಲ್ಲ. ತಿಂಗಳಿಡೀ ಕಾದು ಮಾಡಿದ್ದನ್ನು ಗೌಡರಂಥ ಗೌಡರು ಮರುಮಾತಿಲ್ಲದೆ ಚೆಲ್ಲಿದ್ದನ್ನು ನಾನು ನೋಡಿದ್ದೇನೆ. ಆ ಮಾತಿಗೆ ಅಷ್ಟು ಬೆಲೆ ಇತ್ತು. ಊರಿನಲ್ಲಿ ಅವರಿಗೆ ತೋಟ ಇರಲಿಲ್ಲ, ಅಂಗಡಿ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಇದ್ದದ್ದು ಮೂಗು. ಅದಕ್ಕೆ ಭಾನುವಾರ ಜಗಲಿ ತುಂಬುತ್ತಿತ್ತು.

ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತಿರುಗಿದ ಆ ವರ್ಷಗಳಲ್ಲಿ ಪೊರ್ಬುಗಳಿಗೂ ಜ್ವರ ಬಂತು. ಹದಿನೈದು ದಿನ ಮಲಗಿ ಎದ್ದರು. ಸ್ವಲ್ಪ ಇಳಿದಿದ್ದರು, ಅಷ್ಟೇ. ಎರಡು ಮೂರು ತಿಂಗಳಲ್ಲಿ ಭಾನುವಾರಗಳು ಮತ್ತೆ ಶುರುವಾದವು.

ನಾನು ಆಗ ನಿವೃತ್ತನಾಗಿದ್ದೆ. ಒಂದು ಬೆಳಿಗ್ಗೆ ಸುಮ್ಮನೆ ಅವರ ಮನೆಗೆ ಹೋದರೆ, ಗೇಟಿನಲ್ಲೇ ಹಾಲು ಉಕ್ಕಿ ಹೊತ್ತಿದ ವಾಸನೆ. ಪೊರ್ಬುಗಳು ಅಡುಗೆಮನೆಯ ಬಾಗಿಲಿನಿಂದ ಮೂರು ಮಾರು ದೂರದಲ್ಲಿ ಕೂತು ಪೇಪರ್ ಓದುತ್ತಿದ್ದರು. ಬಾಯಮ್ಮ ಹಿತ್ತಿಲಿನಿಂದ ಓಡಿ ಬಂದು, “ಅಯ್ಯೋ ದೇವರೇ, ಹಾಲು ನೋಡಿ ಅಂತ ಹೇಳಿ ಹೋದದ್ದಲ್ವಾ!” ಎಂದು ಒಲೆ ಆರಿಸಿದರು. ಅವರು ಪೇಪರಿನಿಂದ ತಲೆ ಎತ್ತಿ, “ಕಣ್ಣು ಇದರಲ್ಲೇ ಇತ್ತು” ಎಂದರು. ಕಣ್ಣು ಎಂದರು.

ಹಾಲು ಹೊತ್ತಿದ್ದು ತಿಳಿಯಲು ಆ ಮೂಗಿಗೆ ಕಣ್ಣು ಯಾಕೆ ಬೇಕು? ಮುಂದಿನ ಭಾನುವಾರ ಮೂಲೆಯಲ್ಲಿ ಕೂತು ಗಮನಿಸಿದೆ. ಅನ್ನ ಅಗಿದರು, ನೀರು ಕುಡಿದರು, ಅಂಗೈ ಮುಚ್ಚಿದರು, ಎಲ್ಲ ಮೊದಲಿನ ಹಾಗೆಯೇ. ಆದರೆ ಹೆಂಚು ನೋಡುವ ಬದಲು ಬಾಟ್ಲಿ ತಂದವನ ಮುಖ ನೋಡಿ, “ಎಲ್ಲಿ ಇಟ್ಟಿದ್ರಿ ಪಾತ್ರೆಯನ್ನು?” ಎಂದು ಕೇಳಿದರು. “ಎಷ್ಟನೇ ದಿನ ಮುಚ್ಚಳ ತೆಗೆದದ್ದು?” ಎಂದರು. ಹತ್ತು ವರ್ಷದಲ್ಲಿ ಮೊದಲ ಸಲ ಮಾಡಿದವನ ಬಾಯಿ ತೆರೆಸಿದರು. ಅವನು ಸಂತೋಷದಿಂದ ಎಲ್ಲ ಒದರಿದ. ಅವನ ಮಾತಿನಿಂದಲೇ ಅವನ ತಪ್ಪನ್ನು ಹೆಕ್ಕಿ ಅವನಿಗೇ ಕೊಟ್ಟರು. ಉಳಿದವರೆಲ್ಲ ತಲೆದೂಗಿದರು.

ನಾನು ಸುಮ್ಮನಿರುವ ಜಾತಿಯಲ್ಲ. ನನ್ನ ಮನೆಯಲ್ಲಿ ಅವಸರದಲ್ಲಿ ತೆಗೆದು ಹಾಳಾದ ಒಂದು ಬಾಟ್ಲಿ ಇತ್ತು. ಮುಚ್ಚಳ ತೆಗೆದರೆ ಬೆಣ್ಣೆ ಕಾಯಿಸುವ ವಾಸನೆ ಮನೆಯಿಡೀ ಹರಡುತ್ತಿತ್ತು. ಅದನ್ನು ವಾರದ ನಡುವೆ, ಅವರು ಒಬ್ಬರೇ ಇರುವಾಗ, ತೆಗೆದುಕೊಂಡು ಹೋದೆ.

“ಗೌಡ್ರದ್ದು. ಪಾಪ, ಮೂರು ದಿನ ಬಿಸಿಲಿನಲ್ಲಿ ಇತ್ತಂತೆ” ಎಂದೆ.

ಅವರು ಮೂಸಿದರು. ಎದೆಯಿಂದ, ಗಲ್ಲದಿಂದ, ಮೂಗಿನಿಂದ. ನನಗೆ ನಿಂತಲ್ಲಿಗೆ ಬೆಣ್ಣೆ ಹೊಡೆಯುತ್ತಿತ್ತು.

“ಹೌದು” ಎಂದರು. “ಬಿಸಿಲು ತಾಗಿದೆ.”

ಗೆದ್ದೆ. ಒಣಮೀನಿನ ದಿನದಿಂದ ಕಾದದ್ದು ಇದಕ್ಕೇ. ಮೊದಲಾಗಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರುವ ಹೋಗುವ ಬಸ್ಸುಗಳಿಗೆಲ್ಲ ಕೂಗಿ ಹೇಳುತ್ತಿದ್ದೆ. ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ದಾರಿಯಲ್ಲಿ ಗೂಡಂಗಡಿಯವನು “ಎಂತ ಕಂಡಕ್ಟ್ರೇ, ಇವತ್ತು ಯಾರ ಸರದಿ?” ಎಂದು ಕೇಳಿದ. “ಯಾರದ್ದೂ ಇಲ್ಲ” ಎಂದೆ. ಅವನು ಗಾಬರಿಯಾಗಿ ನನಗೆ ಹುಷಾರಿಲ್ಲವೋ ಎಂದು ವಿಚಾರಿಸಿದ. ಮನೆಗೆ ಹೋಗಿ ಆ ಬಾಟ್ಲಿಯನ್ನು ತೆಂಗಿನ ಬುಡಕ್ಕೆ ಸುರಿದು ಮಲಗಿದೆ. ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು ಮೊದಲೇ ಗೊತ್ತಿದ್ದರೆ ನಾನು ಆ ಬಾಟ್ಲಿ ತೆಗೆದುಕೊಂಡೇ ಹೋಗುತ್ತಿರಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಅವರು ಕೇಳಿ ಕೇಳಿ ಹೇಳುತ್ತಿದ್ದರು. ಬಿಯರ್ ಹುಳಿಯಾಗಿದ್ದರೆ ನಾಲಿಗೆಗೆ ತಿಳಿಯುತ್ತಿತ್ತು, ಕಹಿ ಜಾಸ್ತಿಯಾದರೂ ತಿಳಿಯುತ್ತಿತ್ತು. ಉಳಿದದ್ದಕ್ಕೆ ಪ್ರಶ್ನೆಗಳಿದ್ದವು. ಮುಕ್ಕಾಲು ಪಾಲು ಸರಿಯೇ ಆಗುತ್ತಿತ್ತು. ಆಗದಿದ್ದಾಗ ನಾನು ಏನಾದರೂ ತಮಾಷೆ ಮಾಡಿ ಮಾತು ತಿರುಗಿಸುತ್ತಿದ್ದೆ.

ಆಮೇಲೆ ಪುತ್ತಿಗೆಯ ಮದುವೆ ಬಂತು. ಬಾಯಮ್ಮನ ತಮ್ಮನ ಮಗಳು. ಪೊರ್ಬುಗಳಿಗೆ ಧರ್ಮದ ಮಗಳು ಕೂಡ, ದೀಕ್ಷಾಸ್ನಾನದಲ್ಲಿ ಅವಳನ್ನು ಕೈಯಲ್ಲಿ ಹಿಡಿದವರು ಇವರೇ. ಮದುವೆಯ ಮುನ್ನಾದಿನ ಹುಡುಗಿಗೆ ತೆಂಗಿನ ಹಾಲು ಹಚ್ಚುವ ‘ರೋಸ್’ ಉಂಟಲ್ಲ, ಆ ದಿನ ನೆಂಟರಿಗೆಲ್ಲ ಮನೆಯಲ್ಲೇ ಮಾಡಿದ ಬಿಯರ್ ಕೊಡಬೇಕೆಂದು ಹುಡುಗಿಯ ಅಪ್ಪನಿಗೆ ಹಟ. ಪೊರ್ಬುಗಳಿಂದಲೇ ಕಲಿತು, ಒಂದು ತಿಂಗಳು ಮೊದಲೇ ಕಾಯಿಸಿ, ನಲ್ವತ್ತು ಬಾಟ್ಲಿ ತುಂಬಿಸಿಟ್ಟಿದ್ದರು. ರೋಸಿಗೆ ಮೂರು ದಿನ ಇರುವಾಗ ನಮ್ಮನ್ನು ಕರೆದರು: ಪೊರ್ಬುಗಳು, ಗೌಡರು, ನಾನು. ನಾವು ಹೋಗುವಾಗ ಅವರ ಕಡೆಯ ಹಿರಿಯರೆಲ್ಲ ಚಪ್ಪರದ ಅಡಿಯಲ್ಲಿ ಸೇರಿದ್ದರು. ಮುಂಬಯಿಯ ಫ್ಯಾಕ್ಟರಿಯನ್ನೇ ಮೂಗಿನಲ್ಲಿ ನಡೆಸಿದ ಬಾವ ಇವತ್ತು ಬಾಟ್ಲಿ ತೆರೆಯುತ್ತಾರೆ ಎಂದು ಎಲ್ಲರಿಗೂ ಹೇಳಿಯಾಗಿತ್ತು.

ಪೊರ್ಬುಗಳು ಕುರ್ಚಿಯಲ್ಲಿ ಕೂತರು. ಅನ್ನ ತಂದರು, ನೀರು ತಂದರು. ಲೋಟಕ್ಕೆ ಬಿಯರ್ ಸುರಿದರು. ಅವರು ಅಂಗೈ ಮುಚ್ಚಿ, ಎರಡು ಸುತ್ತು ಅಲುಗಿಸಿ, ಹುಡುಗಿಯ ಅಪ್ಪನ ಮುಖ ನೋಡಿದರು. ಹುಡುಗಿಯ ಅಪ್ಪ ಹಳೆಯ ಕ್ರಮ ಬಲ್ಲವರು. ಕೈಕಟ್ಟಿ, ತುಟಿ ಬಿಗಿದು ನಿಂತಿದ್ದರು. ಕೇಳಿದರೂ ಇಷ್ಟು ಜನರ ಎದುರು ಅವರು ಬಾಯಿ ತೆಗೆಯುವ ಹಾಗೆ ಕಾಣಲಿಲ್ಲ.

ಪೊರ್ಬುಗಳು ಲೋಟವನ್ನು ಎದೆಯ ಹತ್ತಿರ ಹಿಡಿದರು. ಅಲ್ಲಿಂದ ಮೇಲೆ ಎತ್ತಲಿಲ್ಲ. ನನ್ನ ಕಡೆಗೆ ಚಾಚಿದರು.

“ಇವತ್ತು ಕಂಡಕ್ಟ್ರು ಮೊದಲು ನೋಡ್ಲಿ. ಇಷ್ಟು ವರ್ಷದಲ್ಲಿ ಎಂತ ಕಲಿತಿದ್ದಾರೆ ಅಂತ ನೋಡುವ.”

ಎಲ್ಲರಿಗೂ ಅದು ಆಟವಾಗಿ ಕಂಡಿತು. ನಾನು ಲೋಟ ತೆಗೆದುಕೊಂಡೆ. ಮೂಸಿದೆ. ಒಳ್ಳೆಯ ಹಾಪ್ಸ್ ವಾಸನೆ ಇತ್ತು, ಅದರ ಹಿಂದೆ ಇನ್ನೊಂದು. ಗುಟುಕು ನುಂಗಿದ ಮೇಲೆ ಅದು ಗಂಟಲಿನಿಂದ ಮೂಗಿಗೆ ಹಿಂದಿನ ಬಾಗಿಲಿನಿಂದ ಬಂತು. ಆಸ್ಪತ್ರೆ. ಗಾಯ ಕಟ್ಟುವ ಬಟ್ಟೆ. ಇನ್ನೊಮ್ಮೆ ಮೂಸಿದೆ. ಇದು ನನ್ನ ಭ್ರಮೆಯಾದರೆ? ನಲ್ವತ್ತು ಬಾಟ್ಲಿ, ಮದುವೆ ಮನೆ. ‘ಫಸ್ಟ್ ಕ್ಲಾಸ್’ ಎಂದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ರೋಸಿನ ದಿನ ಇನ್ನೂರು ನೆಂಟರು ಒಂದೊಂದು ಗುಟುಕು ಕುಡಿದು ಮುಖ ಕಿವುಚುವಾಗ ಅದು ಪೊರ್ಬುಗಳ ಮೂಗು ಪಾಸು ಮಾಡಿದ ಬಿಯರ್ ಆಗಿರುತ್ತದೆ.

“ಇದಕ್ಕೆ ಏನೋ ಆಗಿದೆ” ಎಂದೆ. “ಬ್ಯಾಂಡೇಜಿನ ವಾಸನೆ ಉಂಟು. ನುಂಗಿದ ಮೇಲೆ ಬರ್ತದೆ.”

ಚಪ್ಪರ ಹಾರುವಷ್ಟು ನಗೆ.

“ಶುರುವಾಯ್ತು ನೋಡಿ ಕಂಡಕ್ಟ್ರದ್ದು!” ಎಂದರು ಹುಡುಗಿಯ ಅಪ್ಪ.

“ಆ ಬ್ಯಾಂಡೇಜನ್ನು ಅವರ ಬಾಯಿಗೇ ಕಟ್ಟಿ” ಎಂದ ಹಿಂದಿನಿಂದ ಒಬ್ಬ.

“ನಿಜ ಹೇಳ್ತಾ ಇದ್ದೇನೆ ಮಾರಾಯ್ರೇ” ಎಂದೆ. ನಗೆ ಇನ್ನೂ ಜೋರಾಯಿತು. ಗೌಡರು ಸಹ ಹೊಟ್ಟೆ ಹಿಡಿದುಕೊಂಡಿದ್ದರು. ಮೂವತ್ತೊಂದು ವರ್ಷ ನಾನು ಇವರನ್ನೆಲ್ಲ ನಗಿಸಿದ್ದು ಈ ಒಂದು ದಿನಕ್ಕಾಗಿಯೋ ಏನೋ.

ಪೊರ್ಬುಗಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಲೋಟ ವಾಪಸು ತೆಗೆದುಕೊಂಡು, ಒಂದು ಗುಟುಕು ನುಂಗಿ, ತಲೆಯೆತ್ತಿ ಚಪ್ಪರದ ಮಡಲು ನೋಡಿದರು. ಅವರಿಗೆ ಅದರಲ್ಲಿ ಕಹಿ ಬಿಟ್ಟರೆ ಮತ್ತೇನೂ ಸಿಕ್ಕಿರಲಿಕ್ಕಿಲ್ಲ. ನಾನು ಹೇಳಿದ್ದು ಸುಳ್ಳಾಗಿದ್ದರೆ ಅವರ ಮಾತು ಅಂದಿಗೆ ಮುಗಿಯುತ್ತಿತ್ತು, ಅದೂ ಹೆಂಡತಿಯ ತವರುಮನೆಯಲ್ಲಿ.

“ಚೆಲ್ಲಿ” ಎಂದರು.

ನಗೆ ನಿಂತಿತು.

“ಬಾವ!” ಹುಡುಗಿಯ ಅಪ್ಪ ಕಟ್ಟಿದ ಕೈ ಬಿಚ್ಚಿ ಮುಂದೆ ಬಂದರು. “ನಲ್ವತ್ತು ಬಾಟ್ಲಿ ಬಾವ. ಕಂಡಕ್ಟ್ರ ಮಾತು ಕೇಳಿ...”

“ಬಾವಿಗೆ ಬ್ಲೀಚಿಂಗ್ ಪೌಡರ್ ಯಾವಾಗ ಹಾಕಿಸಿದ್ದು?” ಎಂದರು ಪೊರ್ಬುಗಳು.

ಹುಡುಗಿಯ ಅಪ್ಪ ತನ್ನ ಹೆಂಡತಿಯ ಮುಖ ನೋಡಿದರು. ಆಕೆ ಸೆರಗಿನ ತುದಿ ಹಿಡಿದು ನಿಧಾನವಾಗಿ ಹೇಳಿದರು: “ಮದುವೆ ಅಂತ ಬಾವಿ ಕ್ಲೀನ್ ಮಾಡಿಸಿದ್ದಲ್ವಾ. ಕೆಸರು ತೆಗೆದು ಪೌಡರ್ ಹಾಕಿಸಿದ್ದು. ಅದಾಗಿ ಮೂರನೇ ದಿನಕ್ಕೆ ನೀವು ಮಾಲ್ಟ್ ನೆನೆಹಾಕಿದ್ದು.”

ನಮ್ಮ ಕಡೆ ಮದುವೆ ಎಂದರೆ ಮೊದಲು ಗೋಡೆಗೆ ಸುಣ್ಣ, ಆಮೇಲೆ ಬಾವಿಗೆ ಪೌಡರ್. ನೆಂಟರು ಕುಡಿಯುವ ನೀರು ಶುದ್ಧ ಇರಬೇಕಲ್ಲ. ಆ ನೀರನ್ನು ಹಾಗೆಯೇ ಕುಡಿದರೆ ಮೂರನೇ ದಿನಕ್ಕೆ ವಾಸನೆ ಅಷ್ಟು ಗೊತ್ತಾಗುವುದಿಲ್ಲ. ಮಾಲ್ಟಿನ ಜೊತೆ ಸೇರಿದರೆ ಆಸ್ಪತ್ರೆಯೇ ಎದ್ದು ಬರುತ್ತದೆ. ಬಾವಿ ಅಷ್ಟು ಶುಚಿ ಮಾಡಿಸಿದ್ದೇ ತಪ್ಪಾಯಿತು ಎಂದು ಆ ಮನೆಯವರಿಗೆ ಹೇಗೆ ಹೊಳೆಯಬೇಕು?

“ಅಬ್ಬ, ಬಾವಿಯನ್ನೇ ಹೇಳಿಬಿಟ್ರಲ್ಲ!” ಎಂದು ಹಿರಿಯರೆಲ್ಲ ಪೊರ್ಬುಗಳ ಸುತ್ತ ಸೇರಿದರು. ನನ್ನ ಕಡೆ ಒಬ್ಬನೂ ತಿರುಗಲಿಲ್ಲ. ಒಂದು ತಿಂಗಳ ಕೆಲಸ ಬಚ್ಚಲ ತೋಡಿಗೆ ಹೋಯಿತು. ರೋಸಿನ ದಿನ ಅಂಗಡಿಯ ಬಾಟ್ಲಿಗಳು ಬಂದವು, ಯಾರೂ ಕಡಿಮೆ ಕುಡಿಯಲಿಲ್ಲ.

ವಾಪಸು ಬರುವಾಗ ಗೌಡರು ವೇಣೂರಿನಲ್ಲಿ ಇಳಿದರು. ಬಸ್ಸಿನಲ್ಲಿ ನಾವಿಬ್ಬರೇ ಒಂದು ಸೀಟಿನಲ್ಲಿ ಉಳಿದೆವು. ಅವರು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು:

“ನಿಮಗೆ ಯಾವಾಗ ಗೊತ್ತಾಯ್ತು?”

“ಬೆಣ್ಣೆಯ ಬಾಟ್ಲಿಯಲ್ಲಿ. ಗೌಡ್ರದ್ದು ಅಂತ ಹೇಳಿದ್ದು ನನ್ನದು.”

“ಬೆಣ್ಣೆಯಾ ಅದು?” ಎಂದರು. “ನೀವು ಹೋಗುವಾಗ ತಮಾಷೆ ಮಾಡ್ಲಿಲ್ಲ. ಎಂತದೋ ಆಯ್ತು ಅಂತ ನನಗೆ ಅನ್ನಿಸಿತ್ತು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಒಂದು ವರ್ಷ ಕಾದೆ.”

“ನೀವೇ ಹೇಳಬಹುದಿತ್ತಲ್ಲ.”

“ಹೇಳಿ? ಮೂಗು ಹೋದ ಮೇಲೆ ನಾನು ಯಾರು ಮಾರಾಯ್ರೇ? ಪಿಂಚಣಿ ತಿನ್ನುವ ಒಬ್ಬ ಮುದುಕ. ಜಗಲಿಯಲ್ಲಿ ಯಾರು ಬಂದು ಕೂತ್ಕೊಳ್ತಾರೆ?”

ನನ್ನನ್ನು ಕೊರೆಯುತ್ತಿದ್ದದ್ದನ್ನು ಕೇಳಿದೆ. “ಅಷ್ಟು ಜನ ನಗಾಡುವಾಗ ನೀವು ಹೇಗೆ ನಂಬಿದ್ರಿ ನನ್ನನ್ನು?”

“ನೀವು ಸುಳ್ಳು ಹೇಳುವಾಗ ಮುಖ ದೇವರ ಹಾಗೆ ಇರ್ತದೆ ಕಂಡಕ್ಟ್ರೇ. ಇವತ್ತು ಹೆದರಿ ಬೆವರಿದ್ರಿ.”

ಅಂದಿನಿಂದ ನಮ್ಮಿಬ್ಬರದ್ದು ಒಂದು ಒಪ್ಪಂದವಾಯಿತು. ಭಾನುವಾರದ ಮುಂಚೆ ಬಾಟ್ಲಿಗಳು ನನ್ನ ಕೈಯಲ್ಲಿ ಬರಬೇಕು, ಒಟ್ಟಿಗೆ ತರುವವನು ನಾನು ಎಂಬ ನೆಪದಲ್ಲಿ. ಶನಿವಾರ ಸಂಜೆ ನಾನು ಮೂಸಿ ಹೇಳುವುದು, ಅವರು ಕಣ್ಣು ಮುಚ್ಚಿ ಕೇಳುವುದು. “ಮೊದಲು ಬಂದದ್ದನ್ನು ಹೇಳಿ, ಯೋಚನೆ ಮಾಡಿ ಹೇಳಿದ್ದು ನನಗೆ ಬೇಡ.” ನಾನು ಆಡಿನ ಗಡ್ಡ ಎಂದರೆ, ಹಾಪ್ಸ್ ಹಳತಾಗಿದೆ ಎನ್ನುತ್ತಿದ್ದರು. ಹಸಿ ಸೇಬು ಎಂದರೆ, ಎಷ್ಟು ದಿನ ಮೊದಲೇ ತೆಗೆದಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದರು. ನಾನು ಏನು ಹೇಳಿದರೂ ಅವರ ತಲೆಯಲ್ಲಿ ಒಂದು ಪಾತ್ರೆ, ಒಂದು ಅಡುಗೆಮನೆ, ಒಬ್ಬ ಅವಸರದ ಅಥವಾ ಜಿಪುಣ ಮನುಷ್ಯ ಎದ್ದು ನಿಲ್ಲುತ್ತಿದ್ದ. ಮರುದಿನ ಜಗಲಿಯಲ್ಲಿ ಮಾಡಿದವನ ಬಾಯಿ ಮತ್ತೆ ಮುಚ್ಚಿತು. ಬಾಯಮ್ಮನಿಗೆ ಎಲ್ಲ ಗೊತ್ತಿತ್ತು. ಶನಿವಾರ ನನಗೂ ಒಂದು ತುತ್ತು ಉಪ್ಪಿಲ್ಲದ ಅನ್ನ ಬಡಿಸಿ ಏನೂ ತಿಳಿಯದವರ ಹಾಗೆ ಒಳಗೆ ಹೋಗುತ್ತಿದ್ದರು.

ಕುಚೋದ್ಯ ಬಿಟ್ಟೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಒಂದು ಶನಿವಾರ ಅವರು ಅಡುಗೆಮನೆಯ ಕಡೆ ಗಲ್ಲ ತೋರಿಸಿ, “ಇವಳು ಎಂತ ಮಾಡ್ತಾ ಇದ್ದಾಳೆ?” ಎಂದು ಕೇಳಿದರು. “ಹಂದಿ ಮಾಂಸ. ಮಸಾಲೆ ಹುರಿಯುವ ಪರಿಮಳ, ಆಹಾ” ಎಂದೆ. ಊಟಕ್ಕೆ ಕೂತಾಗ ಬಟ್ಟಲಿಗೆ ಬಿದ್ದದ್ದು ಬಸಳೆ ಮತ್ತು ಹೆಸರುಕಾಳು. ಅವರು ನನ್ನನ್ನು ನೋಡಿದರು, ಬಸಳೆಯನ್ನು ನೋಡಿದರು, ಆಮೇಲೆ ನಗಲು ತೊಡಗಿದವರು ಕೆಮ್ಮು ಬರುವವರೆಗೆ ನಕ್ಕರು. ಜ್ವರ ಬಿಟ್ಟ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು ಎಂದು ಬಾಯಮ್ಮ ಆಮೇಲೆ ಹೇಳಿದರು.

ಅವರ ಕೊನೆಯ ವಾರ ನೋಡಲು ಆಸ್ಪತ್ರೆಗೆ ಹೋಗಿದ್ದೆ. ಮಾತು ಸಣ್ಣದಾಗಿತ್ತು.

“ಕಂಡಕ್ಟ್ರೇ, ಇಲ್ಲಿ ಎಂತ ವಾಸನೆ ಉಂಟು?”

ಸುತ್ತ ಏನಿತ್ತು ಎಂದು ಹೇಳಲು ನಾಲಿಗೆ ಏಳಲಿಲ್ಲ. “ಇಸ್ತ್ರಿ ಮಾಡಿದ ಬಟ್ಟೆಯದ್ದು” ಎಂದೆ.

“ಸುಳ್ಳು” ಎಂದರು.

ಈಗ ಭಾನುವಾರ ಬಾಟ್ಲಿಗಳು ನನ್ನ ಮನೆಗೆ ಬರುತ್ತವೆ. ಪೊರ್ಬುಗಳು ಇಷ್ಟು ವರ್ಷ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರಲ್ಲ, ಏನಾದರೂ ಬಂದಿರಬೇಕು ಎಂದು ಜನರ ಅಂದಾಜು. ನನಗೆ ಮಂಡಿ ನೋವು, ಅವರವರ ಮನೆಗೆ ಹೋಗಲು ಬೇಜಾರು, ಬೇಡ ಎನ್ನಲೂ ಬೇಜಾರು.

ಹೋದ ವಾರ ಗೌಡರು ಬಂದರು. ಬಾಟ್ಲಿ ಇಟ್ಟು ಕ್ರಮದಂತೆ ಬಾಯಿ ಮುಚ್ಚಿ ಕೂತರು. ನಾನು ಅಂಗೈ ಮುಚ್ಚಿ, ಅಲುಗಿಸಿ, ಮೂಸಿದೆ. ವಾಸನೆ ಇತ್ತು. ಲವಂಗ ಅಲ್ಲ, ಹೊಸ ಪ್ಲಾಸ್ಟಿಕ್ ಅಲ್ಲ, ಎರಡರ ನಡುವಿನದ್ದು. ಮೊದಲು ಎಂದೂ ನನ್ನ ಮೂಗಿಗೆ ಬಾರದ್ದು. ಹಾಗೆಯೇ ಹೇಳಿದೆ.

“ಹೌದೌದು, ನನಗೂ ಹಾಗೇ ಅನ್ನಿಸ್ತು” ಎಂದರು ಗೌಡರು. “ಎಂತದರಿಂದ ಅದು?”

ಮೂರು ಕಾರಣಗಳು ನನ್ನ ನಾಲಿಗೆಯ ತುದಿಗೆ ಬಂದವು. ಮೂರೂ ಒಳ್ಳೆಯವೇ, ಯಾವುದನ್ನು ಹೇಳಿದರೂ ಗೌಡರು ನಂಬಿ ಮನೆಗೆ ಹೋಗಿ ಪಾತ್ರೆ ಬದಲಿಸುತ್ತಿದ್ದರು. ಕಣ್ಣು ಮುಚ್ಚಿ ಕೂತೆ. ನನ್ನ ತಲೆಯಲ್ಲಿ ಯಾವ ಅಡುಗೆಮನೆಯೂ ಎದ್ದು ನಿಲ್ಲಲಿಲ್ಲ.

“ಗೊತ್ತಿಲ್ಲ ಗೌಡ್ರೇ” ಎಂದೆ.

ಗೌಡರು ನಕ್ಕರು. ಇದೂ ನನ್ನದೊಂದು ತಮಾಷೆ, ಮುಂದಿನ ಮಾತು ಈಗ ಬರುತ್ತದೆ ಎಂದು ಕುರ್ಚಿಯ ತುದಿಗೆ ಸರಿದು ಕೂತು ನಗುತ್ತಾ ಕಾದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ನಗುವುದನ್ನು ನಿಲ್ಲಿಸಿದರು.